ಸೋದರತ್ತೆಯ ಗಂಟು, ಅಜ್ಜಿಯ ಹೊಟ್ಟೆ ನೀರು: ಬಿಆರ್‌ಸಿಎ ಪರೀಕ್ಷೆ ಎಂದರೇನು, ಯಾರಿಗೆ ಬೇಕು?

ಹೋದ ಮಳೆಗಾಲದಲ್ಲಿ ಸಾಗರದ ಕಡೆಯ ನೆಂಟರ ಮನೆಯಿಂದ ಫೋನ್ ಬಂತು. ಆ ಮನೆಯ ಸೊಸೆಗೆ 38 ವರ್ಷ. ಎಡ ಸ್ತನದಲ್ಲಿ ಗಂಟು ಕೈಗೆ ಸಿಕ್ಕಿ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಖಚಿತವಾಗಿ, ಕಿಮೊಥೆರಪಿ ಶುರುವಾಗಿತ್ತು. ಎರಡನೇ ಸಲ ಆಸ್ಪತ್ರೆಗೆ ಹೋದಾಗ ವೈದ್ಯರು ಔಷಧದ ಚೀಟಿಯ ಜೊತೆ ಇನ್ನೊಂದು ಚೀಟಿಯನ್ನೂ ಕೊಟ್ಟಿದ್ದರು. ಅದರಲ್ಲಿ 'ಬಿಆರ್‌ಸಿಎ ಪರೀಕ್ಷೆ' ಎಂದಿತ್ತು. ಸ್ತನ, ಅಂಡಾಶಯದ ಕ್ಯಾನ್ಸರಿಗೆ ದಾರಿಮಾಡುವ ದೋಷ ವಂಶದಲ್ಲಿ ಬಂದಿದೆಯೇ ಎಂದು ನೋಡುವ ಜೀನ್ ಪರೀಕ್ಷೆ ಅದು. ಅವಳ ಅತ್ತೆ ನನ್ನನ್ನು ಕೇಳಿದ್ದು ಇಷ್ಟು: "ಕಾಯಿಲೆ ಇದೆ ಅಂತ ಗೊತ್ತಾಗಿ ಆಯ್ತಲ್ಲ ಮಾರಾಯ್ತಿ, ಈಗ ಮತ್ತೆಂಥ ಪರೀಕ್ಷೆ? ಮೊಮ್ಮಗಳಿಗೂ ಬರ್ತದೆ ಅಂತ ಹೇಳ್ಲಿಕ್ಕಾ?"

ಎರಡೂ ಸರಿಯಾದ ಪ್ರಶ್ನೆಗಳೇ. ಫೋನಿನಲ್ಲಿ ಐದು ನಿಮಿಷದಲ್ಲಿ ಉತ್ತರಿಸಲು ನನ್ನಿಂದ ಆಗಲಿಲ್ಲ. ಒಂದು ಕಾಲಕ್ಕೆ ದೊಡ್ಡ ಊರಿನವರ ಮಾತಾಗಿದ್ದ ಈ ಪರೀಕ್ಷೆ ಈಗ ಮಲೆನಾಡಿನ ಮನೆಗಳ ಜಗಲಿಗೂ ಬಂದಿರುವುದರಿಂದ, ಅವತ್ತು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಮೊದಲಿನಿಂದ ಹೇಳುತ್ತೇನೆ.

ವಂಶದಲ್ಲಿ ಬರುವುದು ಕ್ಯಾನ್ಸರ್ ಅಲ್ಲ

ಸ್ತನ ಕ್ಯಾನ್ಸರ್ ಬಂದ 100 ಮಂದಿಯಲ್ಲಿ ಹುಟ್ಟಿನಿಂದಲೇ ಬಂದ ಜೀನ್ ದೋಷ ಕಾರಣವಾಗಿರುವುದು 5ರಿಂದ 10 ಮಂದಿಯಲ್ಲಿ ಮಾತ್ರ. ಉಳಿದವರಲ್ಲಿ ವಯಸ್ಸು, ಹಾರ್ಮೋನು, ಜೀವನಕ್ರಮ, ಆಕಸ್ಮಿಕ ಎಲ್ಲ ಸೇರಿಕೊಂಡಿರುತ್ತವೆ. ಅಂಡಾಶಯದ ಕ್ಯಾನ್ಸರಿನಲ್ಲಿ ವಂಶದ ಪಾಲು ಹೆಚ್ಚು, 100ಕ್ಕೆ ಸುಮಾರು 15ರಿಂದ 20. ಹಾಗಾಗಿ ಒಬ್ಬರಿಗೆ ಕ್ಯಾನ್ಸರ್ ಬಂತೆಂದರೆ ಮನೆಮಂದಿಗೆಲ್ಲ ಬರುತ್ತದೆ ಎಂಬ ಹೆದರಿಕೆ ಹೆಚ್ಚಿನ ಮನೆಗಳಿಗೆ ಬೇಕಾಗಿಲ್ಲ.

ತೋಟ ಇರುವವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಅಡಿಕೆಗೆ ಕೊಳೆರೋಗ ಬರುವುದು ಆ ವರ್ಷದ ಬಿಡದ ಮಳೆಯಿಂದ, ಬೋರ್ಡೋ ಹೊಡೆಯಲು ಹೊಳವು ಸಿಗದೇ ಹೋದದ್ದರಿಂದ. ಅದು ಬೀಜದ ತಪ್ಪಲ್ಲ. ಆದರೂ ಸಸಿ ಮಾಡಲು ಗೋಟು ಆರಿಸುವಾಗ ಯಾವ ಮರದ್ದು ಎಂದು ನೋಡಿಯೇ ಆರಿಸುತ್ತೇವೆ. ಕೆಲವು ಗುಣಗಳು, ಕೆಲವು ದೌರ್ಬಲ್ಯಗಳು ತಾಯಿಮರದಿಂದಲೇ ಬರುತ್ತವೆ ಎಂಬುದು ಅಜ್ಜನ ಕಾಲದಿಂದ ಗೊತ್ತಿರುವ ವಿಷಯ. ದುರ್ಬಲ ಬೀಜದ ಸಸಿಗೆ ರೋಗ ಬಂದೇ ಬರುತ್ತದೆ ಎಂದೇನಿಲ್ಲ. ಬಂದರೆ ತಡೆದುಕೊಳ್ಳುವ ಶಕ್ತಿ ಕಡಿಮೆ ಇರುತ್ತದೆ, ಅಷ್ಟೆ.

ಮನುಷ್ಯರಲ್ಲೂ ಹಾಗೆಯೇ. ತಂದೆತಾಯಿಯಿಂದ ಮಕ್ಕಳಿಗೆ ದಾಟುವುದು ಕ್ಯಾನ್ಸರ್ ಅಲ್ಲ, ಅದನ್ನು ತಡೆಯುವ ಏರ್ಪಾಟಿನಲ್ಲಿರುವ ಒಂದು ಕೊರತೆ.

ಇಬ್ಬರು ಲೈನ್‌ಮ್ಯಾನ್‌ಗಳ ಕಥೆ

ನಮ್ಮ ದೇಹ ಕೋಟ್ಯಂತರ ಜೀವಕೋಶಗಳಿಂದ ಆಗಿದೆ. ಪ್ರತಿ ಜೀವಕೋಶದೊಳಗೂ ಡಿಎನ್‌ಎ ಎಂಬ ಉದ್ದನೆಯ ಬರಹ ಇದೆ. ನಾಲ್ಕೇ ಅಕ್ಷರಗಳಲ್ಲಿ ಬರೆದ, ಸುಮಾರು 300 ಕೋಟಿ ಅಕ್ಷರಗಳ ಬರಹ. ಅದರೊಳಗೆ ಒಂದೊಂದು ಕೆಲಸದ ಸೂಚನೆ ಇರುವ ಒಂದೊಂದು ಭಾಗಕ್ಕೆ ಜೀನ್ ಎನ್ನುತ್ತಾರೆ, ಕನ್ನಡದಲ್ಲಿ ವಂಶವಾಹಿ. ಅಂಥವು ಸುಮಾರು 20,000 ಇವೆ.

ಈ ಡಿಎನ್‌ಎ ಎಳೆಗಳು ದಿನವೂ ಅಲ್ಲಲ್ಲಿ ಹರಿಯುತ್ತಿರುತ್ತವೆ. ಮಲೆನಾಡಿನ ಮಳೆಗಾಲದ ಕರೆಂಟ್ ಲೈನ್ ನೆನಪಿಸಿಕೊಳ್ಳಿ. ಗಾಳಿ ಬೀಸಿದರೆ ಒಂದು ಕಡೆ ಕೊಂಬೆ ಬೀಳುತ್ತದೆ, ಇನ್ನೊಂದು ಕಡೆ ಕಂಬವೇ ಮಲಗುತ್ತದೆ. ಆದರೂ ಊರು ಕತ್ತಲಲ್ಲೇ ಉಳಿಯುವುದಿಲ್ಲ. ಮಳೆಯಲ್ಲೇ ಕಂಬ ಹತ್ತಿ ತಂತಿ ಜೋಡಿಸುವ ಲೈನ್‌ಮ್ಯಾನ್ ಇದ್ದಾನೆ. ಜೀವಕೋಶದೊಳಗೆ ಅಂಥ ಕೆಲಸ ಮಾಡುವ ಪ್ರೋಟೀನುಗಳಿವೆ. ಡಿಎನ್‌ಎಯ ಎರಡೂ ಎಳೆ ಒಟ್ಟಿಗೆ ತುಂಡಾದಾಗ ಅದನ್ನು ಅಕ್ಷರ ತಪ್ಪದಂತೆ ಜೋಡಿಸುವುದು ಬಲು ಕಷ್ಟದ ಕೆಲಸ. ಅದಕ್ಕೆ ಮುಖ್ಯವಾಗಿ ಬೇಕಾಗುವ ಎರಡು ಜೀನುಗಳೇ ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2. ಬ್ರೆಸ್ಟ್ ಮತ್ತು ಕ್ಯಾನ್ಸರ್ ಎಂಬ ಎರಡು ಪದಗಳ ಮೊದಲ ಅಕ್ಷರಗಳನ್ನು ಸೇರಿಸಿ ಮಾಡಿದ ಹೆಸರು ಅದು. ಹೆಸರು ಕೇಳಿ ಇವು ಕ್ಯಾನ್ಸರ್ ತರುವ ಜೀನುಗಳು ಎಂದುಕೊಳ್ಳುವವರೇ ಹೆಚ್ಚು. ನಿಜದಲ್ಲಿ ಇವು ಕ್ಯಾನ್ಸರ್ ತಡೆಯುವ ಜೀನುಗಳು, ಎಲ್ಲ ಹೆಂಗಸರಲ್ಲೂ ಎಲ್ಲ ಗಂಡಸರಲ್ಲೂ ಇರುವಂಥವು. ತೊಂದರೆ ಅವು ಕೆಟ್ಟಾಗ.

ಪ್ರತಿ ಜೀನಿನ ಎರಡು ಪ್ರತಿ ನಮ್ಮಲ್ಲಿರುತ್ತವೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಅಂದರೆ ಪ್ರತಿ ಜೀವಕೋಶಕ್ಕೂ ಇಬ್ಬರು ಲೈನ್‌ಮ್ಯಾನ್‌ಗಳು. ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟದ್ದು ಬಂದಿದ್ದರೆ ಆ ಹುಡುಗಿಯ ಪ್ರತಿ ಜೀವಕೋಶದಲ್ಲೂ ಒಬ್ಬನೇ ಲೈನ್‌ಮ್ಯಾನ್. ಒಬ್ಬನೇ ಸಾಕು, ಕೆಲಸ ನಡೆಯುತ್ತದೆ. ಅವಳು ಎಲ್ಲರಂತೆ ಆರೋಗ್ಯವಾಗಿ ಬೆಳೆಯುತ್ತಾಳೆ. ಆದರೆ ಮುಂದೆಂದೋ ಸ್ತನದ ಅಥವಾ ಅಂಡನಾಳದ ಯಾವುದೋ ಒಂದು ಜೀವಕೋಶದಲ್ಲಿ ಆ ಉಳಿದೊಬ್ಬನೂ ಇಲ್ಲವಾದರೆ, ಅಲ್ಲಿಂದ ಮುಂದೆ ಹರಿದ ತಂತಿಗಳನ್ನು ಹೇಗೆಂದರೆ ಹಾಗೆ ಗಂಟು ಹಾಕುವುದಷ್ಟೇ ಉಳಿಯುತ್ತದೆ. ತಪ್ಪಿನ ಮೇಲೆ ತಪ್ಪು ಸೇರಿ ವರ್ಷಗಳ ನಂತರ ಅದು ಗಡ್ಡೆಯಾಗುತ್ತದೆ. ಹುಟ್ಟಿನಿಂದ ಇರುವ ದೋಷ 40ರ ಆಸುಪಾಸಿನಲ್ಲಿ ಕಾಯಿಲೆಯಾಗಿ ಕಾಣಿಸುವುದು ಇದಕ್ಕೇ. ದೋಷ ಇದ್ದೂ ಕೆಲವರಿಗೆ ಕೊನೆಯವರೆಗೆ ಏನೂ ಆಗದಿರುವುದೂ ಇದಕ್ಕೇ.

ಎರಡಕ್ಷರ ಬಿಟ್ಟುಹೋದರೆ ಏನಾಗುತ್ತದೆ?

ಡಿಎನ್‌ಎ ಬರಹವನ್ನು ಜೀವಕೋಶ ಮೂರು ಮೂರು ಅಕ್ಷರ ಸೇರಿಸಿ ಓದುತ್ತದೆ. ಈ ಸಾಲನ್ನು ಹಾಗೇ ಓದಿ: ಮಗಳು ಮನೆಗೆ ಬಂದಳು. ಮೊದಲ ಪದದಿಂದ 'ಗಳು' ಎಂಬ ಎರಡಕ್ಷರ ಬಿಟ್ಟು, ಮತ್ತೆ ಮೂರು ಮೂರಾಗಿ ಓದಿದರೆ: ಮಮನೆ ಗೆಬಂದ ಳು. ಬಿದ್ದುಹೋದದ್ದು ಎರಡೇ ಅಕ್ಷರವಾದರೂ ಅಲ್ಲಿಂದಾಚೆ ಇಡೀ ಸಾಲಿಗೆ ಅರ್ಥವಿಲ್ಲ.

ಬಿಆರ್‌ಸಿಎ1ರಲ್ಲಿ ಹೆಸರುವಾಸಿಯಾದ ಒಂದು ದೋಷ ಇಂಥದೇ. ಜೀನಿನ ಆರಂಭದಲ್ಲೇ ಎರಡಕ್ಷರ ಬಿಟ್ಟುಹೋಗಿರುತ್ತದೆ. ಪೂರ್ವ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಇದು ಸಾಮಾನ್ಯ. ಇದನ್ನೂ ಸೇರಿಸಿ ಮೂರು ನಿರ್ದಿಷ್ಟ ದೋಷಗಳಲ್ಲಿ ಒಂದು ಆ ಸಮುದಾಯದ ಸುಮಾರು 40 ಮಂದಿಯಲ್ಲಿ ಒಬ್ಬರಲ್ಲಿ ಇರುತ್ತದೆ. ಅದೇ ಎರಡಕ್ಷರದ ದೋಷ ದಕ್ಷಿಣ ಭಾರತದ ರೋಗಿಗಳಲ್ಲೂ ಕಂಡುಬಂದಿದೆ. ಆದರೆ ನಮ್ಮಲ್ಲಿ ಇಂಥವೇ ಮೂರೋ ನಾಲ್ಕೋ ಎಂದು ಪಟ್ಟಿ ಮಾಡಿ ಮುಗಿಸುವಂತಿಲ್ಲ. ಒಂದೊಂದು ಮನೆತನದಲ್ಲಿ ಒಂದೊಂದು ಜಾಗದಲ್ಲಿ ತಪ್ಪಿರಬಹುದು. ಆದ್ದರಿಂದ ಭಾರತೀಯರಿಗೆ ಎರಡೂ ಜೀನನ್ನು ಮೊದಲಿಂದ ಕೊನೆಯವರೆಗೆ ಓದುವ ಪರೀಕ್ಷೆಯೇ ಬೇಕು. ಮನೆಗೆ ಪೆಟ್ಟಿಗೆ ತರಿಸಿ ಎಂಜಲು ಕಳಿಸಿದರೆ 'ನಿಮ್ಮ ಪೂರ್ವಿಕರು ಎಲ್ಲಿಯವರು' ಎಂದು ಹೇಳುವ ಕಿಟ್‌ಗಳಲ್ಲಿ ಕೆಲವು, ಆಯ್ದ ಕೆಲವೇ ಜಾಗಗಳನ್ನು ಮಾತ್ರ ನೋಡುತ್ತವೆ. ಅದರಲ್ಲಿ ಏನೂ ಇಲ್ಲವೆಂದು ಬಂದರೆ ನಿಶ್ಚಿಂತೆಯಾಗಿರಬಾರದು.

ವಿಜ್ಞಾನಿಗಳಿಗೆ ಇದೆಲ್ಲ ಗೊತ್ತಾದದ್ದು ಈಚೆಗೆ. 1866ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ತನ್ನ ಹೆಂಡತಿಯ ತವರಿನಲ್ಲಿ ನಾಲ್ಕು ತಲೆಮಾರು ಯಾರ್‍ಯಾರಿಗೆ ಸ್ತನ ಕ್ಯಾನ್ಸರ್ ಬಂತೆಂದು ಬರೆದಿಟ್ಟಿದ್ದ. ಕಾರಣ ಸಿಗಲು ನೂರು ವರ್ಷಕ್ಕಿಂತ ಹೆಚ್ಚೇ ಬೇಕಾಯಿತು. 1990ರಲ್ಲಿ ಅಮೆರಿಕದ ಮೇರಿ ಕ್ಲೇರ್ ಕಿಂಗ್ ಇಂಥ ಕುಟುಂಬಗಳನ್ನು ಅಭ್ಯಾಸ ಮಾಡಿ, ದೋಷ 17ನೇ ಕ್ರೋಮೋಸೋಮಿನಲ್ಲಿದೆ ಎಂದು ತೋರಿಸಿದರು (ಜೀವಕೋಶದೊಳಗೆ ಡಿಎನ್‌ಎ ಸುತ್ತಿಟ್ಟಿರುವ ಕಟ್ಟುಗಳಿಗೆ ಕ್ರೋಮೋಸೋಮ್ ಎನ್ನುತ್ತಾರೆ). 1994ರಲ್ಲಿ ಬಿಆರ್‌ಸಿಎ1 ಜೀನನ್ನು ಪೂರ್ತಿ ಪತ್ತೆಹಚ್ಚಿದರು, 1995ರಲ್ಲಿ 13ನೇ ಕ್ರೋಮೋಸೋಮಿನ ಬಿಆರ್‌ಸಿಎ2 ಸಿಕ್ಕಿತು. ಅಮೆರಿಕದ ಒಂದು ಕಂಪನಿ ಈ ಜೀನುಗಳ ಮೇಲೆ ಪೇಟೆಂಟ್ ಹಿಡಿದಿದ್ದರಿಂದ ಅಲ್ಲಿ ಪರೀಕ್ಷೆ ಬಹಳ ದುಬಾರಿಯಾಗಿತ್ತು. ಪ್ರಕೃತಿಯಲ್ಲಿ ಇರುವ ಡಿಎನ್‌ಎಗೆ ಪೇಟೆಂಟ್ ಕೊಡಲಾಗದು ಎಂದು 2013ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದಕ್ಕೆ ಒಂದು ತಿಂಗಳು ಮೊದಲು ನಟಿ ಏಂಜಲೀನಾ ಜೋಲಿ, ತನ್ನಲ್ಲಿ ಬಿಆರ್‌ಸಿಎ1 ದೋಷ ಇರುವುದನ್ನೂ ಎರಡೂ ಸ್ತನಗಳ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದನ್ನೂ ತಾನೇ ಬರೆದು ತಿಳಿಸಿದ್ದಳು. ಈ ಹೆಸರು ಜಗತ್ತಿನ ಬಾಯಿಗೆ ಬಂದದ್ದು ಹಾಗೆ.

ಯಾವ ಅತ್ತೆ? ಯಾವ ದೊಡ್ಡಮ್ಮ?

ಇದು ನನ್ನ ಮಟ್ಟಿಗೆ ಈ ಲೇಖನದ ಮುಖ್ಯ ಭಾಗ. ಲ್ಯಾಬಿನ ಪರೀಕ್ಷೆಗಿಂತ ಮೊದಲು ಮಾಡಬೇಕಾದ ಪರೀಕ್ಷೆಗೆ ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಮೂರು ತಲೆಮಾರಿನ ವಂಶವೃಕ್ಷ ಬರೆಯಬೇಕು, ಯಾರಿಗೆ ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ ಎಂದು ಗುರುತು ಹಾಕಬೇಕು. ಇದರಲ್ಲಿ ನಾವು ಎಡವುವ ಜಾಗಗಳು ಮೂರು.

ಮೊದಲನೆಯದು ಅಪ್ಪನ ಕಡೆ. ಸ್ತನ, ಅಂಡಾಶಯ ಎಂದ ಕೂಡಲೇ ಅಮ್ಮನ ಕಡೆಯವರನ್ನು ಮಾತ್ರ ಲೆಕ್ಕ ಹಾಕುತ್ತೇವೆ. ಆದರೆ ಕೆಟ್ಟ ಪ್ರತಿ ಅಪ್ಪನಿಂದಲೂ ಅಷ್ಟೇ ಸುಲಭವಾಗಿ ಬರುತ್ತದೆ. ದೋಷ ಯಾರಲ್ಲಿದೆಯೋ ಅವರ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ, ಮಗನಾದರೂ ಮಗಳಾದರೂ. ಮೊದಲ ಮಗುವಿಗೆ ಬಂತು, ಆದ್ದರಿಂದ ಎರಡನೆಯದಕ್ಕೆ ಬರುವುದಿಲ್ಲ ಎಂದೂ ಇಲ್ಲ. ಪ್ರತಿ ಸಲವೂ ನಾಣ್ಯ ಹೊಸದಾಗಿ ಚಿಮ್ಮಿದಂತೆ. ಗಂಡಸರಿಗೆ ಸ್ತನ ಕ್ಯಾನ್ಸರ್ ಬರುವುದು ಅಪರೂಪವಾದ್ದರಿಂದ ಅಪ್ಪನಲ್ಲಿ ದೋಷ ಸದ್ದಿಲ್ಲದೆ ಕೂತಿದ್ದು ಮಗಳಲ್ಲಿ ಕಾಣಿಸಿಕೊಳ್ಳುತ್ತದೆ. ಸುಳಿವು ಸಿಗುವುದು ಅಪ್ಪನ ಅಕ್ಕತಂಗಿಯರಲ್ಲಿ. ಆದರೆ ಅವರು ಮದುವೆಯಾಗಿ ಬೇರೆ ಮನೆಗೆ ಹೋದವರು, ಆ ಮನೆಯ ಲೆಕ್ಕಕ್ಕೆ ಸೇರಿದವರು. ಮೂವತ್ತು ವರ್ಷದ ಹಿಂದೆ ತೀರ್ಥಹಳ್ಳಿ ಕಡೆ ಕೊಟ್ಟ ಸೋದರತ್ತೆ ಯಾವ ಕಾಯಿಲೆಯಿಂದ ಹೋದಳೆಂದು ತವರಿನಲ್ಲಿ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ.

ಎರಡನೆಯದು ನಮ್ಮ ಸಂಬಂಧದ ಪದಗಳು. 'ಅತ್ತೆಗೆ ಸ್ತನ ಕ್ಯಾನ್ಸರ್ ಆಗಿತ್ತು' ಎಂದರೆ ವೈದ್ಯರಿಗೆ ಏನು ಅರ್ಥವಾಗಬೇಕು? ಅಪ್ಪನ ತಂಗಿಯಾದರೆ ಅವಳ ರಕ್ತವೂ ನಿಮ್ಮ ರಕ್ತವೂ ಒಂದೇ. ಸೋದರಮಾವನ ಹೆಂಡತಿಯಾದರೆ ಲೆಕ್ಕಕ್ಕಿಲ್ಲ. ಗಂಡನ ತಾಯಿಯಾದರೆ ನಿಮಗೆ ಲೆಕ್ಕಕ್ಕಿಲ್ಲ, ನಿಮ್ಮ ಮಕ್ಕಳಿಗೆ ಇದೆ. ದೊಡ್ಡಮ್ಮ ಎಂದರೂ ಅಷ್ಟೆ: ಅಮ್ಮನ ಅಕ್ಕ ಬೇರೆ, ದೊಡ್ಡಪ್ಪನ ಹೆಂಡತಿ ಬೇರೆ. ಸೋದರ ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಗಂಡನ ತಾಯಿಯೇ ಅಪ್ಪನ ಅಕ್ಕನೂ ಆಗಿರಬಹುದು. ಆದ್ದರಿಂದ ಹಾಳೆಯಲ್ಲಿ 'ಅತ್ತೆ' ಎಂದು ಬರೆಯದೆ 'ಅಪ್ಪನ ತಂಗಿ', 'ಅಮ್ಮನ ಅಕ್ಕ' ಎಂದು ಬಿಡಿಸಿಯೇ ಬರೆಯಿರಿ.

ಮೂರನೆಯದು ಕಾಯಿಲೆಯ ಹೆಸರು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಕ್ಯಾನ್ಸರ್ ಎಂಬ ಪದವನ್ನು ಬಾಯಲ್ಲಿ ಆಡಿದವರಲ್ಲ. 'ದೊಡ್ಡ ಕಾಯಿಲೆ', 'ಕೆಟ್ಟ ಗಡ್ಡೆ', 'ಹೊಟ್ಟೆಗೆ ನೀರು ತುಂಬಿ ಹೋದಳು' ಎಂದೇ ಹೇಳುತ್ತಿದ್ದರು. ಹೊಟ್ಟೆಯಲ್ಲಿ ನೀರು ತುಂಬಲು ಲಿವರ್ ಕಾಯಿಲೆ, ಕ್ಷಯ ಹೀಗೆ ಹಲವು ಕಾರಣಗಳಿವೆ. ಮುಂದುವರಿದ ಅಂಡಾಶಯದ ಕ್ಯಾನ್ಸರ್ ಕೂಡ ಅದರಲ್ಲಿ ಒಂದು. 50 ದಾಟಿದ ಅಜ್ಜಿಯೊಬ್ಬಳು ಹಾಗೆ ಹೋಗಿದ್ದರೆ, ಅವಳ ಮಗಳಿಗೋ ಮೊಮ್ಮಗಳಿಗೋ ಸ್ತನ ಕ್ಯಾನ್ಸರ್ ಬಂದಿದ್ದರೆ, ಆ ನೆನಪನ್ನು ವೈದ್ಯರ ಮುಂದೆ ಇಡಲೇಬೇಕು. ಇದನ್ನೆಲ್ಲ ನೆನಪಿಟ್ಟುಕೊಂಡಿರುವವರು 75, 80 ದಾಟಿದ ಹೆಂಗಸರು. ಅವರ ಹತ್ತಿರ ಕೂತು ಕೇಳುವ ಕೆಲಸವನ್ನು ಮುಂದಕ್ಕೆ ಹಾಕಬೇಡಿ.

ಯಾರಿಗೆ ಬೇಕು? ಮೊದಲು ಯಾರಿಗೆ?

ಅಂಡಾಶಯದ ಕ್ಯಾನ್ಸರ್ ಬಂದವರಿಗೆ ವಯಸ್ಸು ಎಷ್ಟೇ ಇರಲಿ, ಮನೆಯಲ್ಲಿ ಬೇರೆ ಯಾರಿಗೂ ಬಂದಿರದಿದ್ದರೂ ಪರೀಕ್ಷೆ ಮಾಡಿಸಬೇಕು ಎಂಬುದು ಈಗಿನ ಸಲಹೆ. (ಸಾಮಾನ್ಯವಾಗಿ ಕಾಣುವ, ಅಂಡಾಶಯದ ಹೊರಪೊರೆಯ ಕ್ಯಾನ್ಸರಿಗೆ ಈ ಮಾತು.) ಸ್ತನ ಕ್ಯಾನ್ಸರಿನಲ್ಲಿ 50ಕ್ಕಿಂತ ಮೊದಲೇ ಬಂದವರು, ಎರಡೂ ಸ್ತನಕ್ಕೆ ಬಂದವರು, ರಿಪೋರ್ಟಿನಲ್ಲಿ ಟ್ರಿಪಲ್ ನೆಗೆಟಿವ್ (ಗಡ್ಡೆಯಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟರಾನ್, ಹರ್2 ಎಂಬ ಮೂರು ಗುರುತುಗಳೂ ಇಲ್ಲದ ಬಗೆ) ಎಂದಿರುವವರು, ಹತ್ತಿರದ ರಕ್ತಸಂಬಂಧಿಗಳಲ್ಲಿ ಸ್ತನ, ಅಂಡಾಶಯ ಅಥವಾ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇರುವವರು ವೈದ್ಯರನ್ನು ಕೇಳಬೇಕು. ಗಂಡಸಿಗೆ ಸ್ತನ ಕ್ಯಾನ್ಸರ್ ಬಂದರೆ ಅವನಿಗೂ ಬೇಕೇ ಬೇಕು. ಸಾಗರದ ಆ ಸೊಸೆಗೆ ಚೀಟಿ ಬರೆದುಕೊಟ್ಟದ್ದಕ್ಕೆ ಅವಳ 38ರ ವಯಸ್ಸೊಂದೇ ಸಾಕು.

ಹೆಚ್ಚಿನವರಿಗೆ ಗೊಂದಲವಾಗುವುದು ಇಲ್ಲಿ. ಕಾಯಿಲೆ ಬಂದವಳಿಗೆ ಚಿಕಿತ್ಸೆ ನಡೆಯುತ್ತಿದೆ, ಪರೀಕ್ಷೆ ಬೇಕಾಗಿರುವುದು ಆರೋಗ್ಯವಾಗಿರುವ ತಂಗಿಗಲ್ಲವೇ ಎಂದು ಕೇಳುತ್ತಾರೆ. ಸಾಧ್ಯವಿದ್ದಲ್ಲೆಲ್ಲ ಮೊದಲ ಪರೀಕ್ಷೆ ಕಾಯಿಲೆ ಬಂದವರಿಗೇ ಆಗಬೇಕು. ಕರೆಂಟು ಹೋದ ಮನೆಯನ್ನು ಬಿಟ್ಟು, ದೀಪ ಉರಿಯುತ್ತಿರುವ ಪಕ್ಕದ ಮನೆಯ ವೈರಿಂಗ್ ನೋಡಿದರೆ ಏನು ಗೊತ್ತಾಗುತ್ತದೆ? ತಂಗಿಯಲ್ಲಿ ದೋಷ ಸಿಗಲಿಲ್ಲ ಎಂದರೆ ಎರಡು ಅರ್ಥ ಇರಬಹುದು. ಮನೆತನದಲ್ಲಿ ದೋಷ ಇದ್ದು ಅವಳಿಗೆ ಬಂದಿಲ್ಲ ಎಂದಾಗಬಹುದು. ಇಲ್ಲವೇ ಮನೆತನದಲ್ಲಿರುವುದು ಪರೀಕ್ಷೆ ನೋಡದ ಬೇರಾವುದೋ ದೋಷ, ಅದು ಅವಳಲ್ಲೂ ಇರಬಹುದು. ಅಕ್ಕನಲ್ಲಿ ಮೊದಲು ನೋಡಿ, ಇಂಥ ಜೀನಿನ ಇಂಥ ಜಾಗದಲ್ಲಿ ತಪ್ಪಿದೆ ಎಂದು ಗೊತ್ತಾದರೆ ತಂಗಿಗೆ ಆ ಒಂದು ಜಾಗ ನೋಡಿದರೆ ಸಾಕು. ಖರ್ಚು ಬಹಳ ಕಡಿಮೆ, ಉತ್ತರವೂ ಸ್ಪಷ್ಟ.

ಪರೀಕ್ಷೆ ನಡೆಯುವುದು ಹೇಗೆ?

ಇದು ಸರಳ. ತೋಳಿನಿಂದ ಒಂದು ಸಣ್ಣ ಟ್ಯೂಬಿನಷ್ಟು ರಕ್ತ ತೆಗೆಯುತ್ತಾರೆ, ಕೆಲವೆಡೆ ಎಂಜಲು. ಖಾಲಿ ಹೊಟ್ಟೆ ಬೇಕಾಗಿಲ್ಲ. ಈಚೆಗೆ ರಕ್ತ ಹಾಕಿಸಿಕೊಂಡಿದ್ದರೆ, ಮೂಳೆಮಜ್ಜೆ ಕಸಿ ಆಗಿದ್ದರೆ ಮೊದಲೇ ಹೇಳಬೇಕು. ಟ್ಯೂಬು ಲ್ಯಾಬಿಗೆ ಹೋಗುತ್ತದೆ, ನೀವು ಹೋಗಬೇಕಾಗಿಲ್ಲ. ವರದಿಗೆ ಸಾಮಾನ್ಯವಾಗಿ ಮೂರ್ನಾಲ್ಕು ವಾರ. ಈಗ ಬಿಆರ್‌ಸಿಎ ಎರಡನ್ನೇ ಅಲ್ಲದೆ ಪಿಎಎಲ್‌ಬಿ2, ಟಿಪಿ53, ಸಿಎಚ್‌ಇಕೆ2, ಎಟಿಎಂ ಮುಂತಾದ ಜೀನುಗಳನ್ನೂ ಒಟ್ಟಿಗೆ ನೋಡುವ 'ಪ್ಯಾನೆಲ್' ಪರೀಕ್ಷೆ ರೂಢಿಯಲ್ಲಿದೆ. ಲ್ಯಾಬಿನವರನ್ನು ಕೇಳಬೇಕಾದ ಒಂದು ಪ್ರಶ್ನೆ: ಅಕ್ಷರದ ತಪ್ಪು ಮಾತ್ರವಲ್ಲ, ಜೀನಿನ ದೊಡ್ಡ ತುಂಡೇ ಕಾಣೆಯಾಗಿದ್ದರೂ ನಿಮ್ಮ ಪರೀಕ್ಷೆ ಹಿಡಿಯುತ್ತದೆಯೇ?

ಇನ್ನೊಂದು ಎಚ್ಚರ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ತುಣುಕಿನ ಮೇಲೂ ಜೀನ್ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಕಾಣುವ ದೋಷ ಆ ಗಡ್ಡೆಯಲ್ಲಿ ಮಾತ್ರ ಹುಟ್ಟಿದ್ದಿರಬಹುದು. ಮಕ್ಕಳಿಗೆ ದಾಟುವಂಥದೇ ಎಂದು ತಿಳಿಯಲು ರಕ್ತದ ಅಥವಾ ಎಂಜಲಿನ ಪರೀಕ್ಷೆ ಬೇರೆಯೇ ಬೇಕು.

ಟ್ಯೂಬಿಗಿಂತ ಮುಖ್ಯವಾದದ್ದು ಮೊದಲು ಮತ್ತು ಆಮೇಲೆ ನಡೆಯಬೇಕಾದ ಮಾತುಕತೆ. ಇದಕ್ಕೆ ಜೆನೆಟಿಕ್ ಕೌನ್ಸೆಲಿಂಗ್ ಎನ್ನುತ್ತಾರೆ. ನಿಮ್ಮ ವಂಶವೃಕ್ಷ ನೋಡಿ ಪರೀಕ್ಷೆ ಬೇಕೇ, ಯಾವುದು ಬೇಕು, ಉತ್ತರ ಬಂದರೆ ಏನು ಮಾಡಬಹುದು ಎಂದು ಬಿಡಿಸಿ ಹೇಳುವುದು ಅವರ ಕೆಲಸ. ನಮ್ಮ ಕಡೆಯವರು ಶಿವಮೊಗ್ಗದಲ್ಲೇ ಚಿಕಿತ್ಸೆ ಕೊಡುತ್ತಿರುವ ಕ್ಯಾನ್ಸರ್ ವೈದ್ಯರಿಂದ ಶುರು ಮಾಡಬಹುದು. ಆನುವಂಶಿಕ ವಿಷಯದ ತಜ್ಞರು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲಿ, ಘಟ್ಟ ಇಳಿದರೆ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಇದ್ದಾರೆ. ಈ ಮಾತುಕತೆಯನ್ನು ಫೋನ್, ವಿಡಿಯೊದಲ್ಲಿ ಮಾಡುವವರೂ ಇದ್ದಾರೆ. ಮಳೆಗಾಲದಲ್ಲಿ ಆಗುಂಬೆ ಘಟ್ಟ ಇಳಿದು ಹತ್ತುವ ಕಷ್ಟ ಗೊತ್ತಿರುವವರು ಅದನ್ನು ಕೇಳಿ ನೋಡಬೇಕು.

ವರದಿ ಬಂತು. ಏನೆಂದು ಓದುವುದು?

'ಪ್ಯಾಥೋಜೆನಿಕ್' ಅಥವಾ 'ಲೈಕ್ಲಿ ಪ್ಯಾಥೋಜೆನಿಕ್' ಎಂದಿದ್ದರೆ ಕಾಯಿಲೆಗೆ ದಾರಿಮಾಡುವ ದೋಷ ಸಿಕ್ಕಿದೆ ಎಂದರ್ಥ. ಕಾಯಿಲೆ ಬಂದಿದೆ ಅಥವಾ ಬಂದೇ ಬರುತ್ತದೆ ಎಂದಲ್ಲ.

ಎಷ್ಟು ಸಾಧ್ಯತೆ? ಸುಮಾರು 9,800 ಹೆಂಗಸರ ಮಾಹಿತಿ ಇಟ್ಟುಕೊಂಡು 2017ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ ಹೀಗಿದೆ. ಎರಡು ಬಸ್ಸು ತುಂಬ, 100 ಮಂದಿ ಬಿಆರ್‌ಸಿಎ1 ದೋಷ ಇರುವ ಹೆಂಗಸರಿದ್ದಾರೆ ಎಂದುಕೊಳ್ಳಿ. 80 ವರ್ಷ ತುಂಬುವಷ್ಟರಲ್ಲಿ ಅವರಲ್ಲಿ ಸುಮಾರು 72 ಮಂದಿಗೆ ಸ್ತನ ಕ್ಯಾನ್ಸರ್ ಬಂದಿರುತ್ತದೆ, 44 ಮಂದಿಗೆ ಅಂಡಾಶಯದ ಕ್ಯಾನ್ಸರ್. ಕೆಲವರಿಗೆ ಎರಡೂ ಇರುತ್ತದೆ. ಬಿಆರ್‌ಸಿಎ2 ಆದರೆ 69 ಮತ್ತು 17. ದೋಷ ಇಲ್ಲದ ಹೆಂಗಸರಲ್ಲಿ ಸ್ತನ ಕ್ಯಾನ್ಸರಿನ ಲೆಕ್ಕ ಅಮೆರಿಕದಲ್ಲಿ 100ಕ್ಕೆ 12-13ರ ಹತ್ತಿರ, ಭಾರತದಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ. ಅಂಡಾಶಯದ್ದು 100ಕ್ಕೆ ಒಂದರ ಆಸುಪಾಸು. 72 ಎಂಬುದು ದೊಡ್ಡ ಸಂಖ್ಯೆಯೇ, ಅದನ್ನು ಸಣ್ಣದು ಮಾಡಿ ಹೇಳಲಾರೆ. ಆದರೆ ಆ ಎರಡು ಬಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಾರದ 28 ಮಂದಿಯೂ ಕೂತಿದ್ದಾರೆ. ಈ ಲೆಕ್ಕ ಬಹುಪಾಲು ಯುರೋಪ್ ಮೂಲದ ಕುಟುಂಬಗಳದ್ದು ಎಂಬುದೂ ನೆನಪಿರಲಿ.

ಗಂಡಸರಲ್ಲಿ ಬಿಆರ್‌ಸಿಎ2 ದೋಷ ಇದ್ದರೆ ಸ್ತನ ಕ್ಯಾನ್ಸರ್ 100ಕ್ಕೆ 7ರ ಆಸುಪಾಸು. ಪ್ರಾಸ್ಟೇಟ್ ಕ್ಯಾನ್ಸರಿನ ಸಾಧ್ಯತೆಯೂ ಹೆಚ್ಚು, ಅದು ಬೇಗನೆ ಮತ್ತು ಜೋರಾಗಿ ಬರುವುದುಂಟು.

'ನೆಗೆಟಿವ್' ಎಂಬ ಉತ್ತರವನ್ನು ಜೋಪಾನವಾಗಿ ಓದಬೇಕು. ಅಕ್ಕನಲ್ಲಿ ಸಿಕ್ಕ ದೋಷ ತಂಗಿಯಲ್ಲಿಲ್ಲ ಎಂದರೆ ಅದು ನಿಜವಾದ ನೆಗೆಟಿವ್. ಅವಳಿಗಿರುವುದು ಊರಿನ ಎಲ್ಲ ಹೆಂಗಸರಿಗೆ ಇರುವಷ್ಟೇ ಅಪಾಯ, ಅವಳ ಮಕ್ಕಳಿಗೆ ಆ ದೋಷ ಅವಳಿಂದ ದಾಟುವುದೂ ಇಲ್ಲ. ಆದರೆ ಕಾಯಿಲೆ ಬಂದವಳಲ್ಲೇ ಏನೂ ಸಿಗದಿದ್ದರೆ, ಮನೆಯಲ್ಲಿ ನಾಲ್ಕೈದು ಜನಕ್ಕೆ ಬಂದಿದ್ದರೆ, ವಂಶದಲ್ಲಿ ಏನೂ ಇಲ್ಲ ಎಂದು ಕೈತೊಳೆದುಕೊಳ್ಳುವಂತಿಲ್ಲ. ಸಿಗದಿರುವುದು ಬೇರೆ, ಇಲ್ಲದಿರುವುದು ಬೇರೆ.

ಇನ್ನು ಜನರನ್ನು ತುಂಬ ಗಾಬರಿಗೊಳಿಸುವ ಮೂರನೆಯ ಉತ್ತರ: 'ವಿಯುಎಸ್', ಅಂದರೆ ಅರ್ಥ ಇನ್ನೂ ನಿರ್ಧಾರವಾಗದ ಬದಲಾವಣೆ. ಸಾಗರದವರು 'ಬರ್ತದೆ' ಎನ್ನುತ್ತಾರೆ, ಮೈಸೂರಿನವರು 'ಬರುತ್ತೆ', ಧಾರವಾಡದವರು 'ಬರ್ತೈತಿ'. ಮೂರೂ ಕನ್ನಡವೇ. ಆದರೆ ಮೈಸೂರಿನ ಪುಸ್ತಕ ಮಾತ್ರ ಓದಿದ ಕರಡು ತಿದ್ದುವವನಿಗೆ 'ಬರ್ತೈತಿ' ಎಂಬುದು ಅಚ್ಚಿನ ತಪ್ಪೋ, ಒಂದು ಸೀಮೆಯ ಮಾತೋ ಗೊತ್ತಾಗದೆ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿಡುತ್ತಾನೆ. ವಿಯುಎಸ್ ಆ ಪ್ರಶ್ನೆಚಿಹ್ನೆ. ಜೀನುಗಳ ದೊಡ್ಡ ಮಾಹಿತಿ ಭಂಡಾರಗಳಲ್ಲಿ ಯುರೋಪ್ ಮೂಲದವರದ್ದೇ ಹೆಚ್ಚು ಇರುವುದರಿಂದ ನಮ್ಮವರ ವರದಿಗಳಲ್ಲಿ ಈ ಪ್ರಶ್ನೆಚಿಹ್ನೆ ಹೆಚ್ಚಾಗಿ ಬೀಳುತ್ತದೆ. ಮುಂದೆ ಮಾಹಿತಿ ಸೇರಿದಂತೆ ಇವುಗಳಲ್ಲಿ ಹೆಚ್ಚಿನವು ನಿರುಪದ್ರವಿ ಎಂದೇ ತೀರ್ಮಾನವಾಗುತ್ತವೆ. ವಿಯುಎಸ್ ಒಂದನ್ನೇ ನೋಡಿ ಸ್ತನ ತೆಗೆಸುವುದಾಗಲಿ, ಅಂಡಾಶಯ ತೆಗೆಸುವುದಾಗಲಿ, ಮನೆಮಂದಿಯನ್ನೆಲ್ಲ ಪರೀಕ್ಷೆಗೆ ಕರೆದೊಯ್ಯುವುದಾಗಲಿ ಮಾಡಬಾರದು. ಒಂದೆರಡು ವರ್ಷಕ್ಕೊಮ್ಮೆ ಲ್ಯಾಬಿಗೋ ಕೌನ್ಸೆಲರಿಗೋ ಕೇಳಿ, ಅರ್ಥ ಬದಲಾಗಿದೆಯೇ ಎಂದು ತಿಳಿದುಕೊಳ್ಳಬೇಕು.

ಗೊತ್ತಾದ ಮೇಲೆ ಮಾಡುವುದೇನು?

ಅತ್ತೆಯ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಕಾಯಿಲೆ ಬಂದವಳಿಗೇ ಇದರಿಂದ ಉಪಯೋಗ ಉಂಟು. ಬಿಆರ್‌ಸಿಎ ದೋಷದಿಂದ ಹುಟ್ಟಿದ ಗಡ್ಡೆಯಲ್ಲಿ ಎಳೆ ಜೋಡಿಸುವ ಒಂದು ದಾರಿ ಆಗಲೇ ಮುಚ್ಚಿರುತ್ತದೆ. ಪಾರ್ಪ್ ಇನ್‌ಹಿಬಿಟರ್ ಎಂಬ ಮಾತ್ರೆಗಳು ಉಳಿದ ಇನ್ನೊಂದು ದಾರಿಯನ್ನೂ ಮುಚ್ಚಿ ಆ ಜೀವಕೋಶಗಳನ್ನು ಸಾಯಿಸುತ್ತವೆ. ಅವುಗಳಲ್ಲಿ ಮೊದಲನೆಯದಾದ ಒಲಾಪರಿಬ್‌ಗೆ 2014ರಲ್ಲಿ ಅಮೆರಿಕ, ಯುರೋಪ್‌ಗಳಲ್ಲಿ ಅನುಮತಿ ಸಿಕ್ಕಿತು. ಯಾವ ಶಸ್ತ್ರಚಿಕಿತ್ಸೆ, ಇನ್ನೊಂದು ಸ್ತನದ ಗತಿಯೇನು ಎಂಬ ತೀರ್ಮಾನಗಳಿಗೂ ವರದಿ ಬೇಕಾಗುತ್ತದೆ.

ದೋಷ ಇದ್ದೂ ಆರೋಗ್ಯವಾಗಿರುವವರಿಗೆ ದಾರಿಗಳು ಎರಡು. ಒಂದು ಕಣ್ಣಿಟ್ಟು ಕಾಯುವುದು: 25ರಿಂದ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ, 30ರಿಂದ ಅದರ ಜೊತೆ ಮ್ಯಾಮೊಗ್ರಾಂ. ಇದರಿಂದ ಕ್ಯಾನ್ಸರ್ ತಪ್ಪುವುದಿಲ್ಲ, ಬಂದರೆ ಬೇಗ ಸಿಗುತ್ತದೆ. ಇನ್ನೊಂದು ಶಸ್ತ್ರಚಿಕಿತ್ಸೆ. ಎರಡೂ ಸ್ತನ ತೆಗೆಸಿದರೆ ಸ್ತನ ಕ್ಯಾನ್ಸರಿನ ಸಾಧ್ಯತೆ 100ಕ್ಕೆ 90ರಷ್ಟು ಅಥವಾ ಇನ್ನೂ ಹೆಚ್ಚು ತಗ್ಗುತ್ತದೆ. ಇದು ಅವಳ ಆಯ್ಕೆ, ಅವಸರ ಬೇಕಾಗಿಲ್ಲ.

ಅಂಡಾಶಯದ ವಿಷಯ ಹಾಗಲ್ಲ. ಸ್ಕ್ಯಾನಿಂಗ್, ಸಿಎ-125 ರಕ್ತಪರೀಕ್ಷೆ ಮಾಡಿಸುತ್ತಾ ಕಾದರೆ ಜೀವ ಉಳಿಯುತ್ತದೆ ಎಂದು ಇದುವರೆಗೆ ಸಾಬೀತಾಗಿಲ್ಲ. ಈ ಕ್ಯಾನ್ಸರ್ ಹೆಚ್ಚಾಗಿ ಸಿಗುವುದೇ ತಡವಾಗಿ. ಆದ್ದರಿಂದ ಮಕ್ಕಳಾದ ಮೇಲೆ, ಬಿಆರ್‌ಸಿಎ1 ಇದ್ದರೆ 35ರಿಂದ 40ರೊಳಗೆ, ಬಿಆರ್‌ಸಿಎ2 ಇದ್ದರೆ 40ರಿಂದ 45ರೊಳಗೆ ಅಂಡಾಶಯ ಮತ್ತು ಅಂಡನಾಳ ಎರಡನ್ನೂ ತೆಗೆಸಿ ಎಂದೇ ಸಲಹೆ ಕೊಡುತ್ತಾರೆ. ಇಂಥ ಕ್ಯಾನ್ಸರುಗಳಲ್ಲಿ ಬಹಳಷ್ಟು ಶುರುವಾಗುವುದೇ ಅಂಡನಾಳದ ತುದಿಯಲ್ಲಿ. ತೆಗೆಸಿದ ಮರುದಿನವೇ ಮುಟ್ಟು ನಿಂತ ದೇಹ ಅವಳದ್ದಾಗುತ್ತದೆ: ಮೈ ಬಿಸಿಯೇರುವುದು, ನಿದ್ದೆ ಬಾರದಿರುವುದು, ಮುಂದೆ ಮೂಳೆ ಸವೆಯುವುದು. ಇವಕ್ಕೆ ಚಿಕಿತ್ಸೆ ಇದೆ. ಮೊದಲೇ ಕೂತು ಮಾತಾಡಿಕೊಳ್ಳಬೇಕು.

ದುಡ್ಡು, ಮದುವೆ, ಮಕ್ಕಳು

ಪೂರ್ತಿ ಪ್ಯಾನೆಲ್ ಪರೀಕ್ಷೆಗೆ ಲ್ಯಾಬಿನಿಂದ ಲ್ಯಾಬಿಗೆ ದರ ಬೇರೆ, ಸುಮಾರು 10,000ದಿಂದ 30,000 ರೂಪಾಯಿವರೆಗೆ ಹೋಗುತ್ತದೆ. ದೋಷ ಸಿಕ್ಕ ಮೇಲೆ ರಕ್ತಸಂಬಂಧಿಗಳಿಗೆ ಅದೇ ಲ್ಯಾಬ್ ರಿಯಾಯಿತಿ ಕೊಡುತ್ತದೆಯೇ ಎಂದು ಮೊದಲೇ ಕೇಳಿ. ವಿಮೆಯ ವಿಷಯದಲ್ಲಿ, ಜೀನಿನ ಆಧಾರದ ಮೇಲೆ ತಾರತಮ್ಯ ಮಾಡಬಾರದು ಎನ್ನುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಇಂಥ ತಾರತಮ್ಯ ಸಮಾನತೆಯ ಹಕ್ಕಿಗೆ ವಿರುದ್ಧ ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೃದ್ರೋಗಿಯೊಬ್ಬರ ಪ್ರಕರಣದಲ್ಲಿ ಹೇಳಿದೆ. ಪಾಲಿಸಿಯ ಷರತ್ತುಗಳನ್ನು ಓದಿಯೇ ಮುಂದುವರಿಯುವುದು ಒಳ್ಳೆಯದು.

ಮಕ್ಕಳಿಗೆ ಈ ಪರೀಕ್ಷೆ ಮಾಡಿಸುವುದಿಲ್ಲ. 18 ತುಂಬುವ ಮೊದಲು ತಿಳಿದರೂ ಮಾಡುವಂಥದ್ದು ಏನೂ ಇಲ್ಲ. ತಿಳಿಯಬೇಕೋ ಬೇಡವೋ ಎಂಬುದು ದೊಡ್ಡವಳಾದ ಮೇಲೆ ಅವಳದೇ ತೀರ್ಮಾನ. ಅತ್ತೆಯ ಎರಡನೇ ಪ್ರಶ್ನೆಗೆ ಇದೇ ಉತ್ತರ.

ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬರುವುದಿಲ್ಲ ಎಂಬ ಭಯದಿಂದ ವರದಿಯನ್ನು ಬೀರುವಿನಲ್ಲಿ ಮುಚ್ಚಿಡುವ ಮನೆಗಳಿವೆ. ಆ ಭಯ ಎಲ್ಲಿಂದ ಬರುತ್ತದೆಂದು ಬಲ್ಲೆ. ಊರಿಗೆಲ್ಲ ಹೇಳಬೇಕಾಗಿಲ್ಲ, ಗುಟ್ಟಾಗಿಡುವ ಹಕ್ಕು ಅವಳಿಗಿದೆ. ಆದರೆ ರಕ್ತ ಹಂಚಿಕೊಂಡವರಿಂದ ಮುಚ್ಚಿಟ್ಟರೆ ತಂಗಿಯೋ ಅಣ್ಣನ ಮಗಳೋ ತಡೆಯಬಹುದಾಗಿದ್ದನ್ನು ತಡೆಯುವ ಅವಕಾಶ ಕಳೆದುಕೊಳ್ಳುತ್ತಾರೆ. ಸೋದರ ಸಂಬಂಧದಲ್ಲಿ ಮದುವೆ ಮಾಡುವ ಮನೆಗಳು ಇನ್ನೊಂದು ವಿಷಯ ತಿಳಿದಿರಬೇಕು. ಗಂಡಹೆಂಡತಿ ಇಬ್ಬರಲ್ಲೂ ಬಿಆರ್‌ಸಿಎ2 ದೋಷ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಎರಡೂ ಪ್ರತಿ ಕೆಟ್ಟದ್ದೇ ಬರುವ ಸಾಧ್ಯತೆ ಇದೆ. ಅಂಥ ಮಗುವಿಗೆ ಫ್ಯಾಂಕೋನಿ ಅನೀಮಿಯಾ ಎಂಬ ಅಪರೂಪದ, ಗಂಭೀರವಾದ ಕಾಯಿಲೆ ಬರುತ್ತದೆ.

ಸಾಗರದ ಆ ಸೊಸೆಯ ವರದಿ ನಾಲ್ಕನೇ ವಾರ ಬಂತು. ಬಿಆರ್‌ಸಿಎ1ರಲ್ಲಿ ದೋಷ ಇತ್ತು. ಅವಳ ತವರಿನಲ್ಲಿ ಅಮ್ಮನ ಕಡೆ ಯಾರಿಗೂ ಏನೂ ಆಗಿರಲಿಲ್ಲ. ಅಪ್ಪನ ತಂಗಿ 44ಕ್ಕೆ 'ಗಂಟಾಗಿ' ಹೋದದ್ದು, ಅಪ್ಪನ ತಾಯಿ 'ಹೊಟ್ಟೆಗೆ ನೀರು ಬಂದು' ಹೋದದ್ದು ಹಾಳೆಯ ಮೇಲೆ ಬಂದದ್ದು ಆಮೇಲೆ, ತವರಿನ ಒಬ್ಬ ಅಜ್ಜಿಯ ಬಾಯಿಂದ. ಮೊದಲು ರಕ್ತ ಕೊಟ್ಟವನು ಅವಳ ಅಣ್ಣ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, 11 ಮತ್ತು 8 ವರ್ಷದವರು. ಅವನಲ್ಲಿ ದೋಷ ಇದೆ, ಸೊಸೆಯ ತಂಗಿಯರಿಬ್ಬರಲ್ಲಿ ಒಬ್ಬಳಲ್ಲಿ ಇಲ್ಲ, ಇನ್ನೊಬ್ಬಳ ಉತ್ತರ ಬರಬೇಕಿದೆ. ತೀರಿಹೋದ ಆ ಸೋದರತ್ತೆಯ ಮೂವರು ಮಕ್ಕಳು ಮುಂಬೈ ಕಡೆ ಇದ್ದಾರಂತೆ. ಇಪ್ಪತ್ತು ವರ್ಷದಿಂದ ಹೋಗಿಬರುವುದು ನಿಂತಿದೆ. ಅಣ್ಣ ಈಗ ಅವರ ಫೋನ್ ನಂಬರು ಹುಡುಕುತ್ತಿದ್ದಾನೆ.